ಹಾನಗಲ್ಲಿನ ಕೀಚಕ, ಲಂಡನ್ನಿನ ರಕ್ತಪಿಶಾಚಿ

ಕೀಚಕ ಸತ್ತದ್ದು ತಮ್ಮೂರಿನಲ್ಲೇ ಎಂದು ಹಾನಗಲ್ಲಿನ ಹಿರಿಯರು ತಲೆಮಾರುಗಳಿಂದ ಹೇಳುತ್ತ ಬಂದಿದ್ದಾರೆ. ಪಾಂಡವರು ಅಜ್ಞಾತವಾಸ ಕಳೆದ ವಿರಾಟನಗರ ಇದೇ ಎಂಬುದು ಊರಿನ ನಂಬಿಕೆ. ಪಾನುಂಗಲ್ಲು ಎಂಬ ಹಳೆಯ ಹೆಸರಿನ ಜೊತೆಗೆ ವಿರಾಟನಕೋಟೆ, ವಿರಾಟನಗರಿ ಎಂಬ ಹೆಸರುಗಳೂ ಶಾಸನಗಳಲ್ಲಿ ಸಿಗುತ್ತವೆ. ಕುಂತಿಯ ಹೆಸರು ಹೊತ್ತ ದಿಬ್ಬವೊಂದು ಊರಲ್ಲಿದೆ. ರಾಜಸ್ಥಾನದ ಬೈರಾಟದವರೂ ಇದೇ ಹಕ್ಕು ಸಾಧಿಸುತ್ತಾರೆ. ಆ ವ್ಯಾಜ್ಯ ಇತಿಹಾಸಕಾರರಿಗೆ ಇರಲಿ. ನಾನು ಹೇಳಹೊರಟಿರುವುದು ಸಿನಿಮಾದ ಮಾತು. ನಮ್ಮ ದೇಶದ ಮೂಕಿ ಚಿತ್ರಗಳ ಕಾಲದಲ್ಲಿ ಜನರನ್ನು ಕುಳಿತಲ್ಲೇ ಚೀರಿಸಿದ ಕಥೆ ಯಾವುದೆಂದು ಹುಡುಕುತ್ತ ಹೋದರೆ ಎದುರಾಗುವವನು ಈ ಕೀಚಕನೇ. ಅವನ ಕಥೆ ಮೊದಲು ಮದರಾಸಿನಲ್ಲಿ, ಆಮೇಲೆ ಕೊಲ್ಲಾಪುರದಲ್ಲಿ ಚಿತ್ರವಾಯಿತು. ಎರಡೂ ಚಿತ್ರಗಳು ಇಂದು ಇಲ್ಲ.

ಅದೇ ಮೂಕಿ ಕಾಲದಲ್ಲಿ ಅಮೆರಿಕದಲ್ಲಿ ತಯಾರಾದ ರಕ್ತಪಿಶಾಚಿಯ ಚಿತ್ರ ‘ಲಂಡನ್ ಆಫ್ಟರ್ ಮಿಡ್‌ನೈಟ್’ ಕೂಡ ಇಲ್ಲ. ಜಗತ್ತಿನ ಸಿನಿಮಾ ಪ್ರಿಯರು ಅತಿ ಹೆಚ್ಚು ಹುಡುಕಿದ, ಇವತ್ತಿಗೂ ಹುಡುಕುತ್ತಿರುವ ಚಿತ್ರ ಅದು. ಅದರ ಒಂದೊಂದು ಛಾಯಾಚಿತ್ರಕ್ಕೂ ಅಲ್ಲಿ ಬೆಲೆಯಿದೆ. ನಮ್ಮ ಕೀಚಕನನ್ನು ಕೇಳುವವರೇ ಇಲ್ಲ. ಈ ಮೂರೂ ಚಿತ್ರಗಳ ಕಥೆಯನ್ನು ಒಟ್ಟಿಗೆ ಹೇಳಬೇಕು ಅನ್ನಿಸಿದ್ದು ಅದಕ್ಕೇ.

ವಿರಾಟಪರ್ವ ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಸೀಮೆಗೆ ಹೊಸದಲ್ಲ. ಮಳೆ ಕೈಕೊಟ್ಟಾಗ ಗುಡಿಯಲ್ಲಿ ವಿರಾಟಪರ್ವ ಓದಿಸುವ ರೂಢಿ ಕನ್ನಡ ನಾಡಿನಲ್ಲಿ ಮೊದಲಿನಿಂದಲೂ ಇದೆ. ಅದನ್ನು ಕನ್ನಡಿಗರ ಬಾಯಿಗೆ ತಂದ ಕುಮಾರವ್ಯಾಸ ಹುಬ್ಬಳ್ಳಿ ಬಳಿಯ ಕೋಳಿವಾಡದವನು, ಅಂದರೆ ಇದೇ ಮಣ್ಣಿನವನು. ರಾಣಿಯ ತಮ್ಮ ಕೀಚಕ ಸೈರಂಧ್ರಿ ಎಂಬ ದಾಸಿಯ ವೇಷದಲ್ಲಿದ್ದ ದ್ರೌಪದಿಯ ಮೇಲೆ ಕಣ್ಣು ಹಾಕುತ್ತಾನೆ. ತುಂಬಿದ ಸಭೆಯಲ್ಲಿ ಅವಳನ್ನು ಒದೆಯುತ್ತಾನೆ. ರಾಜ ಕಣ್ಣಿದ್ದೂ ಕುರುಡನಾಗುತ್ತಾನೆ. ರಾತ್ರಿ ನಾಟ್ಯಶಾಲೆಯ ಕತ್ತಲಲ್ಲಿ ಹೆಣ್ಣಿನ ವೇಷದಲ್ಲಿ ಕಾದಿದ್ದ ಭೀಮ ಅವನನ್ನು ಹಿಸುಕಿ, ಕೈಕಾಲು ತಲೆಗಳನ್ನು ಒಡಲೊಳಗೆ ತುರುಕಿ, ಮಾಂಸದ ಮುದ್ದೆ ಮಾಡಿ ಬಿಸಾಡುತ್ತಾನೆ. ಬೆಳಗಾಗುವಷ್ಟರಲ್ಲಿ ಊರ ತುಂಬ ಒಂದೇ ಸುದ್ದಿ: ಸೈರಂಧ್ರಿಯನ್ನು ಕಾಯುವ ಐವರು ಗಂಧರ್ವರು ಇವನನ್ನು ಕೊಂದರು. ಕಣ್ಣಿಗೆ ಕಾಣದ ಗಂಧರ್ವರ ಹೆದರಿಕೆಯೇ ಪಾಂಡವರಿಗೆ ಮರೆಯಾಯಿತು. ಮನುಷ್ಯ ಮಾಡಿದ ಕೆಲಸಕ್ಕೆ ದೆವ್ವದ ಮುಸುಕು. ಈ ಮುಸುಕಿನ ಮಾತನ್ನು ಓದುಗರು ನೆನಪಿಟ್ಟುಕೊಳ್ಳಬೇಕು. ಲಂಡನ್ನಿನ ಕಥೆಯಲ್ಲಿ ಇದೇ ಮತ್ತೆ ಬರುತ್ತದೆ.

ಮದರಾಸಿನಲ್ಲಿ ಮೋಟಾರು ಗಾಡಿಗಳ ವ್ಯಾಪಾರ ಮಾಡಿಕೊಂಡಿದ್ದ ಆರ್. ನಟರಾಜ ಮುದಲಿಯಾರರಿಗೆ ಸಿನಿಮಾದ ಹುಚ್ಚು ಹತ್ತಿಸಿದ್ದು ದಾದಾಸಾಹೇಬ್ ಫಾಲ್ಕೆಯವರ ಚಿತ್ರಗಳು. ಕ್ಯಾಮೆರಾ ಹಿಡಿಯುವುದನ್ನು ಅವರು ಪುಣೆಯಲ್ಲಿ ಸ್ಟೀವರ್ಟ್ ಸ್ಮಿತ್ ಎಂಬ ಆಂಗ್ಲ ಛಾಯಾಗ್ರಾಹಕನಿಂದ ಕಲಿತರು. ಈ ಸ್ಮಿತ್ ವೈಸರಾಯ್ ಲಾರ್ಡ್ ಕರ್ಜನ್ ಕುರಿತ ಸಾಕ್ಷ್ಯಚಿತ್ರಕ್ಕೆ ಕೆಲಸ ಮಾಡಿದ್ದವನು. ಊರಿಗೆ ಮರಳಿದ ಮುದಲಿಯಾರರು ಇಂಡಿಯಾ ಫಿಲ್ಮ್ ಕಂಪನಿ ಕಟ್ಟಿ, 1917ರ ಹೊತ್ತಿಗೆ ‘ಕೀಚಕ ವಧಂ’ ತೆಗೆದರು. ದಕ್ಷಿಣ ಭಾರತದ ಮೊದಲ ಕಥಾಚಿತ್ರ ಅದು. ಮೊದಲ ಚಿತ್ರಕ್ಕೇ ಇಂಥ ಕಥೆಯೇ ಎಂದು ಮನೆಮಂದಿ ಬೇಡವೆಂದರೂ, ನಾಟಕಕಾರ ಪಮ್ಮಲ್ ಸಂಬಂಧ ಮುದಲಿಯಾರರ ಸಲಹೆ ಗೆದ್ದಿತು. ಸುಮಾರು 35 ಸಾವಿರ ರೂಪಾಯಿ ಖರ್ಚು, 35 ದಿನಗಳ ಚಿತ್ರೀಕರಣ, ಆರು ಸಾವಿರ ಅಡಿ ಉದ್ದದ ಫಿಲ್ಮು.

ಕನ್ನಡಿಗರು ಈ ಚಿತ್ರದ ಬಗ್ಗೆ ಕಿವಿ ನಿಮಿರಿಸಬೇಕಾದ ಸಂಗತಿ ಒಂದಿದೆ. ಮದರಾಸಿನ ಸೆಕೆಯಲ್ಲಿ ಫಿಲ್ಮು ತೊಳೆದರೆ ಕೆಡುತ್ತದೆಂದು ಮುದಲಿಯಾರರು ಅದಕ್ಕಾಗಿ ಬೆಂಗಳೂರಿನಲ್ಲಿ ಪ್ರಯೋಗಾಲಯ ತೆರೆದರು. ತೆಗೆದ ನೆಗೆಟಿವ್‌ಗಳು ಬೆಂಗಳೂರಿನ ತಂಪಿನಲ್ಲಿ ಚಿತ್ರವಾಗಿ ಮೂಡಿದವು. ಹಾಗಾಗಿ ಕೀಚಕ ಫಿಲ್ಮಿನ ಮೇಲೆ ಮೊದಲು ಕಣ್ಣು ಬಿಟ್ಟದ್ದು ಕರ್ನಾಟಕದಲ್ಲೇ. ಚಿತ್ರ ಹಾಕಿದ ದುಡ್ಡಿಗೆ ಮೋಸ ಮಾಡಲಿಲ್ಲ. ಮುಂದೆ 1923ರಲ್ಲಿ ಮುದಲಿಯಾರರ ಸ್ಟುಡಿಯೋಕ್ಕೆ ಬೆಂಕಿ ಬಿತ್ತು. ಅದೇ ಕಾಲದಲ್ಲಿ ಮಗನನ್ನೂ ಕಳೆದುಕೊಂಡ ಅವರು ಸಿನಿಮಾದಿಂದಲೇ ದೂರ ಸರಿದರು. ಅವರು ತೆಗೆದ ಚಿತ್ರಗಳಲ್ಲಿ ಒಂದೂ ಉಳಿದಿಲ್ಲ.

ಎರಡನೆಯ ಕೀಚಕ ನಮ್ಮ ಸೀಮೆಗೆ ಇನ್ನೂ ಹತ್ತಿರದವನು. 1956ರವರೆಗೆ ಹಾನಗಲ್, ಶಿಗ್ಗಾಂವಿ, ಹಿರೇಕೆರೂರು ಮುಂಬೈ ಆಡಳಿತದ ಧಾರವಾಡ ಜಿಲ್ಲೆಯ ಭಾಗ. ಸವಣೂರು ಸ್ವಾತಂತ್ರ್ಯ ಬರುವವರೆಗೂ ನವಾಬರ ಸಂಸ್ಥಾನ. ಮೈಸೂರಿಗಿಂತ ಮುಂಬೈ, ಪುಣೆ, ಕೊಲ್ಲಾಪುರಗಳ ಕಡೆಗೇ ಇಲ್ಲಿನ ಜನರ ಓಡಾಟ, ವ್ಯಾಪಾರ, ನಾಟಕದ ಗೀಳು. ಮರಾಠಿ ಕಂಪನಿ ನಾಟಕಗಳು ಹುಬ್ಬಳ್ಳಿ–ಧಾರವಾಡಕ್ಕೆ ಬಂದು ತಿಂಗಳುಗಟ್ಟಲೆ ಕ್ಯಾಂಪು ಹಾಕುತ್ತಿದ್ದವು. ಕೊಲ್ಲಾಪುರದಲ್ಲಿ ಅಂಥ ನಾಟಕಗಳಿಗೆ ಪರದೆ ಬರೆಯುತ್ತಿದ್ದವರು ಬಾಬುರಾವ್ ಮೇಸ್ತ್ರಿ ಮತ್ತು ಅವರ ಬಂಧು ಆನಂದರಾವ್. ಕೈಚಳಕ ಎಷ್ಟಿತ್ತೆಂದರೆ ಕಸುಬಿನ ಹೆಸರೇ ಮನೆತನದ ಹೆಸರಾಗಿ ಇಬ್ಬರೂ ‘ಪೇಂಟರ್’ ಆದರು. ಫಾಲ್ಕೆಯವರ ಚಿತ್ರ ನೋಡಿದ ಮೇಲೆ ತಾವೂ ಚಿತ್ರ ತೆಗೆಯಬೇಕೆಂದು ಇಬ್ಬರೂ ಹಟ ತೊಟ್ಟರು. ಆನಂದರಾವ್ 1916ರಲ್ಲಿ ತೀರಿಕೊಂಡರು. ವಿದೇಶಿ ಕ್ಯಾಮೆರಾ ಕೊಳ್ಳುವ ತಾಕತ್ತಿಲ್ಲದ ಬಾಬುರಾವ್, ದಾಮ್ಲೆ ಎಂಬ ಶಿಷ್ಯನನ್ನು ಜೊತೆಗಿಟ್ಟುಕೊಂಡು ಲೇತ್ ಮೇಲೆ ಹಿತ್ತಾಳೆ ಕಡೆದು, ಹಲ್ಲುಚಕ್ರ ಕೂಡಿಸಿ, ತಾವೇ ಒಂದು ಕ್ಯಾಮೆರಾ ಮಾಡಿಕೊಂಡರು. ಗಾಯಕಿ ತಾನಿಬಾಯಿ ಕಾಗಲ್‌ಕರ್ ಹಣ ಕೊಟ್ಟರು. ಶಾಹೂ ಮಹಾರಾಜರ ಬೆಂಬಲ ಸಿಕ್ಕಿತು. ಹೀಗೆ ಹುಟ್ಟಿತು ಮಹಾರಾಷ್ಟ್ರ ಫಿಲ್ಮ್ ಕಂಪನಿ.

ಈ ಕಂಪನಿಯ ಮೊದಲ ದೊಡ್ಡ ಚಿತ್ರವೇ ‘ಸೈರಂಧ್ರಿ’. 1920ರ ಫೆಬ್ರುವರಿಯಲ್ಲಿ ಪುಣೆಯ ಆರ್ಯನ್ ಚಿತ್ರಮಂದಿರದಲ್ಲಿ ತೆರೆಕಂಡಿತು. ಅದರ ಬೆನ್ನಿಗಿದ್ದದ್ದು ಕೃಷ್ಣಾಜಿ ಪ್ರಭಾಕರ ಖಾಡಿಲ್ಕರರ ‘ಕೀಚಕವಧ’ ನಾಟಕ. 1907ರ ಆ ನಾಟಕದ ಕೀಚಕ ಯಾರೆಂದು ಪ್ರೇಕ್ಷಕರಿಗೆ ಬಿಡಿಸಿ ಹೇಳಬೇಕಿರಲಿಲ್ಲ: ಲಾರ್ಡ್ ಕರ್ಜನ್. ದ್ರೌಪದಿ ಎಂದರೆ ಭಾರತಮಾತೆ, ತಾಳ್ಮೆಯ ಧರ್ಮರಾಜ ಎಂದರೆ ಮಂದಗಾಮಿಗಳು, ಭೀಮ ಎಂದರೆ ತಿಲಕರ ಬಳಗ. 1910ರಲ್ಲಿ ಸರ್ಕಾರ ನಾಟಕವನ್ನು ನಿಷೇಧಿಸಿತು. ಹತ್ತು ವರ್ಷದ ನಂತರ ಅದೇ ಕೀಚಕ ಮಾತಿಲ್ಲದೆ ಪರದೆಯ ಮೇಲೆ ಬಂದ. ಮಾತೇ ಇಲ್ಲದ ಮೇಲೆ ಯಾವ ಮಾತನ್ನು ನಿಷೇಧಿಸುವುದು?

ನಿಷೇಧಿಸಲು ಸರ್ಕಾರಕ್ಕೆ ಬೇರೆ ಕಾರಣ ಸಿಕ್ಕಿತು. ಪರದೆ ಬರೆದು ಪಳಗಿದ ಬಾಬುರಾವ್‌ಗೆ ಬೆಳಕು–ನೆರಳಿನ ಲೆಕ್ಕ ಬಲು ಚೆನ್ನಾಗಿ ಗೊತ್ತಿತ್ತು. ಭೀಮನಾಗಿ ಬಾಳಾಸಾಹೇಬ್ ಯಾದವ್, ಕೀಚಕನಾಗಿ ಝುಂಝಾರರಾವ್ ಪವಾರ್, ಇಬ್ಬರೂ ಅಖಾಡದ ಮೈಕಟ್ಟಿನವರು. ಕೀಚಕನ ವಧೆಯನ್ನು ಅವರು ಎಷ್ಟು ನಿಜವೆಂಬಂತೆ ತೆಗೆದರೆಂದರೆ ಚಿತ್ರಮಂದಿರದಲ್ಲಿ ಜನ ಚೀರಿದರು, ಹೆಂಗಸರು ಎಚ್ಚರ ತಪ್ಪಿದರು. ಕಣ್ಣೆದುರು ನಿಜವಾಗಿಯೇ ಒಬ್ಬನನ್ನು ಕೊಂದರೆಂಬ ಗಾಬರಿ. ಭಾರತದ ಸಿನಿಮಾಟೋಗ್ರಾಫ್ ಕಾಯಿದೆ ಬಂದದ್ದು 1918ರಲ್ಲಿ; ಮುಂಬೈಯಲ್ಲಿ ಸೆನ್ಸಾರ್ ಮಂಡಳಿ ಕೆಲಸ ಶುರುಮಾಡಿದ್ದು 1920ರಲ್ಲಿ. ಸೈರಂಧ್ರಿಯ ಆ ದೃಶ್ಯಕ್ಕೆ ಕತ್ತರಿ ಬಿತ್ತು. ತಿಲಕರು ಮಾತ್ರ ಚಿತ್ರ ಮೆಚ್ಚಿ ಬಾಬುರಾವ್‌ಗೆ ‘ಸಿನಿಮಾ ಕೇಸರಿ’ ಎಂಬ ಬಿರುದು ಕೊಟ್ಟರು. ಅದೇ ವರ್ಷ ಆಗಸ್ಟಿನಲ್ಲಿ ತಿಲಕರು ತೀರಿಹೋದರು.

ಇದರಲ್ಲಿ ಇನ್ನೂ ಒಂದು ಧೈರ್ಯವಿತ್ತು. ಫಾಲ್ಕೆಯವರ ಹರಿಶ್ಚಂದ್ರ ಚಿತ್ರದಲ್ಲಿ ತಾರಾಮತಿಯ ಪಾತ್ರ ಮಾಡಲು ಹೆಣ್ಣು ಸಿಗದೆ ಸಾಳುಂಕೆ ಎಂಬ ಅಡುಗೆಭಟ್ಟನನ್ನು ಕರೆತರಬೇಕಾಯಿತು. ಬಾಬುರಾವ್ ಚಿತ್ರದಲ್ಲಿ ಗುಲಾಬ್‌ಬಾಯಿ, ಅನಸೂಯಾಬಾಯಿ ಎಂಬ ಇಬ್ಬರು ಹೆಣ್ಣುಮಕ್ಕಳು ನಟಿಸಿದರು. ಅದಕ್ಕಾಗಿ ಜಾತಿಯವರು ಅವರನ್ನು ಹೊರಗಿಟ್ಟರು. ಆ ಇಬ್ಬರ ಮುಖ ಇವತ್ತು ಪರದೆಯ ಮೇಲೆ ನೋಡಲು ಸಿಗುವುದಿಲ್ಲ ಎಂಬುದು ನನಗೆ ಈ ಇಡೀ ಕಥೆಯಲ್ಲಿ ಅತ್ಯಂತ ನೋವಿನ ಸಂಗತಿ.

ಇದೇ ಹೊತ್ತಿಗೆ ಹುಬ್ಬಳ್ಳಿಯಲ್ಲಿ ಕೊಲ್ಲಾಪುರದ ಒಬ್ಬ ಹುಡುಗನಿದ್ದ. ಹಗಲು ರೈಲ್ವೆ ವರ್ಕ್‌ಶಾಪಿನಲ್ಲಿ ಕೂಲಿ, ಸಂಜೆ ತಗಡಿನ ಸಿನಿಮಾ ಮಂದಿರದಲ್ಲಿ ಸಿಕ್ಕಸಿಕ್ಕ ಕೆಲಸ. ಬಾಗಿಲು ಕಾಯುವುದು, ಬೋರ್ಡು ಬರೆಯುವುದು, ಜೊತೆಗೆ ದಿನವೂ ಪುಕ್ಕಟೆಯಾಗಿ ಫಾಲ್ಕೆಯವರ ಚಿತ್ರ, ವಿದೇಶಿ ಚಿತ್ರ ನೋಡುವುದು. ಶಿಗ್ಗಾಂವಿಯಿಂದ ಸಂತೆಗೆ, ಕೋರ್ಟಿಗೆ ಹುಬ್ಬಳ್ಳಿಗೆ ಹೋಗಿಬರುತ್ತಿದ್ದ ಜನ ದುಡ್ಡು ಕೊಟ್ಟು ಒಳಗೆ ಹೋಗುತ್ತಿದ್ದುದು ಇಂಥ ತಗಡಿನ ಮಂದಿರಗಳಿಗೇ. ಆ ಹುಡುಗ 1920ರಲ್ಲಿ ಬಾಬುರಾವ್ ಪೇಂಟರರ ಕಂಪನಿ ಸೇರಿದ. ಅವನೇ ವಿ. ಶಾಂತಾರಾಮ್. 1929ರಲ್ಲಿ ದಾಮ್ಲೆ, ಫತ್ತೇಲಾಲ್ ಮುಂತಾದವರ ಜೊತೆ ಗುರುವನ್ನು ಬಿಟ್ಟು ಕೊಲ್ಲಾಪುರದಲ್ಲೇ ‘ಪ್ರಭಾತ್’ ಕಟ್ಟಿದ. 1933ರಲ್ಲಿ ಪ್ರಭಾತ್ ಪುಣೆಗೆ ಹೋಯಿತು. ಈ ಪುಣೆಯ ಜಾಗದ ಸುದ್ದಿ ಮುಂದೆ ಬರುತ್ತದೆ.

ಇನ್ನು ಲಂಡನ್ನಿನ ರಕ್ತಪಿಶಾಚಿ. ಹೆಸರು ಲಂಡನ್ನಾದರೂ ಚಿತ್ರ ತೆಗೆದದ್ದು ಹಾಲಿವುಡ್‌ನಲ್ಲಿ, ಎಂಜಿಎಂ ಕಂಪನಿಯ ಸ್ಟುಡಿಯೋದಲ್ಲಿ, 1927ರ ಬೇಸಿಗೆಯಲ್ಲಿ. ನಿರ್ದೇಶಕ ಟಾಡ್ ಬ್ರೌನಿಂಗ್. ನಾಯಕ ಲಾನ್ ಚೇನಿ. ಚೇನಿಯ ತಂದೆತಾಯಿ ಇಬ್ಬರಿಗೂ ಕಿವಿ ಕೇಳುತ್ತಿರಲಿಲ್ಲ, ಮಾತು ಬರುತ್ತಿರಲಿಲ್ಲ. ಕೈಸನ್ನೆ, ಮುಖಭಾವದಲ್ಲೇ ಮನೆಯ ಮಾತುಕತೆ ನಡೆಸಿ ಬೆಳೆದ ಮಗ ಮೂಕಿ ಚಿತ್ರಗಳ ಕಾಲಕ್ಕೆ ಹೇಳಿ ಮಾಡಿಸಿದ ನಟನಾದ. ಬಣ್ಣ ಹಚ್ಚುವುದರಲ್ಲಂತೂ ಅವನನ್ನು ಮೀರಿಸಿದವರಿಲ್ಲ. ಈ ಚಿತ್ರಕ್ಕೆ ಅವನು ಮಾಡಿಕೊಂಡ ವೇಷ ಎತ್ತರದ ಟೋಪಿಯ ಮುದಿ ಪಿಶಾಚಿಯದು. ಬಾಯಿ ತುಂಬ ಗರಗಸದಂಥ ಹಲ್ಲಿನ ಸೆಟ್ಟು, ತುಟಿಯ ತುದಿಗಳನ್ನು ಮೇಲಕ್ಕೆ ಎಳೆದು ನಿಲ್ಲಿಸುವ ಕೊಕ್ಕೆ, ಕಣ್ಣುಗುಡ್ಡೆ ಹೊರಬಂದಂತೆ ಕಾಣಲು ರೆಪ್ಪೆಗಳ ನಡುವೆ ತೆಳು ತಂತಿಯ ಉಂಗುರ. ನೋವು ತಡೆಯಲಾಗದೆ ಸ್ವಲ್ಪ ಹೊತ್ತಿಗೊಮ್ಮೆ ಅವನ್ನು ತೆಗೆಯಬೇಕಾಗುತ್ತಿತ್ತು. ಪಕ್ಕದಲ್ಲಿ ಬಾವಲಿಯ ರೆಕ್ಕೆಯಂಥ ಉಡುಗೆ ತೊಟ್ಟ ಎಡ್ನಾ ಟಿಚೆನರ್. ಈ ಇಬ್ಬರ ಸ್ಥಿರಚಿತ್ರಗಳನ್ನು ನೋಡಿದವರು ಸುಲಭಕ್ಕೆ ಮರೆಯುವುದಿಲ್ಲ.

ಕಥೆ ಇಷ್ಟು. ಬಾಲ್ಫೋರ್ ಎಂಬ ಸಿರಿವಂತ ತನ್ನ ಮನೆಯಲ್ಲಿ ಗುಂಡೇಟಿನಿಂದ ಸತ್ತು ಬಿದ್ದಿರುತ್ತಾನೆ. ಆತ್ಮಹತ್ಯೆ ಎಂದು ಷರಾ ಬರೆದು ಕಡತ ಮುಚ್ಚುತ್ತಾರೆ. ಐದು ವರ್ಷದ ಮೇಲೆ ಆ ಪಾಳುಮನೆಗೆ ಎತ್ತರ ಟೋಪಿಯ ಮುದುಕ, ಬಿಳಿಚಿಕೊಂಡ ಹುಡುಗಿ ಬಾಡಿಗೆಗೆ ಬರುತ್ತಾರೆ. ನೆರೆಮನೆಯ ಹ್ಯಾಮ್ಲಿನ್ ನಡುಗುತ್ತಾನೆ. ಸತ್ತ ಗೆಳೆಯನ ಮಗಳು ಅವನ ಆಸರೆಯಲ್ಲಿ ಬೆಳೆದಿದ್ದಾಳೆ. ಪೊಲೀಸ್ ಅಧಿಕಾರಿ ಬರ್ಕ್ ಮತ್ತೆ ಬರುತ್ತಾನೆ. ಕೊನೆಗೆ ತಿಳಿಯುವುದೇನೆಂದರೆ ಪಿಶಾಚಿಗಳೆಲ್ಲ ಬರೀ ವೇಷಧಾರಿಗಳು. ಬರ್ಕನೇ ಹೂಡಿದ ಆಟ ಅದು. ಹೆದರಿದ ಹ್ಯಾಮ್ಲಿನ್‌ನನ್ನು ವಶೀಕರಣದ ನಿದ್ದೆಗೆ ಕೆಡವಿ, ಐದು ವರ್ಷದ ಹಿಂದಿನ ರಾತ್ರಿಗೆ ಕರೆದೊಯ್ದಾಗ ಅವನು ತಾನು ಮಾಡಿದ ಕೊಲೆಯನ್ನು ತಾನೇ ಮಾಡಿ ತೋರಿಸುತ್ತಾನೆ. ಪಿಶಾಚಿ ಮತ್ತು ಪೊಲೀಸ್ ಎರಡೂ ಪಾತ್ರ ಚೇನಿಯವೇ. ವಿರಾಟನಗರದ ಗಂಧರ್ವರು ಮಾಡಿದ್ದೂ ಇದನ್ನೇ: ಅರಮನೆಯ ನ್ಯಾಯ ಕೈಬಿಟ್ಟ ಕಡೆ ಕಾಣದ ಶಕ್ತಿಯ ವೇಷ ತೊಟ್ಟು ಮನುಷ್ಯರೇ ಲೆಕ್ಕ ಚುಕ್ತಾ ಮಾಡುವುದು. ಸಾವಿರಾರು ಮೈಲಿ ದೂರದ ಎರಡು ಜನಪದಗಳು ಭಯದ ಬಗ್ಗೆ ಒಂದೇ ಬಗೆಯಲ್ಲಿ ಯೋಚಿಸಿವೆ. ಈ ಸಾಮ್ಯ ಕಂಡಾಗ ನನಗೆ ಮೈ ಜುಮ್ಮೆಂದಿತು.

ಡಿಸೆಂಬರಿನಲ್ಲಿ ಬಿಡುಗಡೆಯಾದ ಚಿತ್ರಕ್ಕೆ ಆದ ಖರ್ಚು ಒಂದೂವರೆ ಲಕ್ಷ ಡಾಲರ್‌ನಷ್ಟು, ಗಳಿಕೆ ಹತ್ತು ಲಕ್ಷ ಡಾಲರ್. ಮರುವರ್ಷ ಲಂಡನ್ನಿನ ಹೈಡ್ ಪಾರ್ಕಿನಲ್ಲಿ ಒಬ್ಬ ಬಡಗಿ ಮನೆಗೆಲಸದ ಹೆಣ್ಣುಮಗಳೊಬ್ಬಳನ್ನು ಕೊಂದ. ಆ ಕ್ಷಣದಲ್ಲಿ ಮೂಲೆಯಲ್ಲಿ ನಿಂತ ಲಾನ್ ಚೇನಿ ತನ್ನತ್ತ ಮುಖ ಸೊಟ್ಟ ಮಾಡಿ ಕೂಗುತ್ತಿದ್ದ ಎಂದು ನ್ಯಾಯಾಲಯದಲ್ಲಿ ಹೇಳಿದ. ತೀರ್ಪುಗಾರರು ಒಪ್ಪಲಿಲ್ಲ. ಆದರೆ ಈ ಮೊಕದ್ದಮೆ ಚಿತ್ರದ ಹೆಸರಿಗೆ ಅಂಟಿಕೊಂಡಿತು. ಚೇನಿ 1930ರಲ್ಲಿ, 47ನೆಯ ವಯಸ್ಸಿಗೆ ತೀರಿಕೊಂಡ. ಬ್ರೌನಿಂಗ್ ಬೆಲಾ ಲುಗೋಸಿಯನ್ನು ಹಾಕಿಕೊಂಡು 1931ರಲ್ಲಿ ‘ಡ್ರಾಕುಲಾ’ ಮಾಡಿದ, 1935ರಲ್ಲಿ ತನ್ನದೇ ಲಂಡನ್ ಕಥೆಯನ್ನು ‘ಮಾರ್ಕ್ ಆಫ್ ದಿ ವ್ಯಾಂಪೈರ್’ ಎಂಬ ಮಾತಿನ ಚಿತ್ರವಾಗಿ ಮತ್ತೆ ತೆಗೆದ. ಹಳೆಯದನ್ನು ಯಾರು ಕೇಳುತ್ತಾರೆ? ಒಂದು ಪ್ರಿಂಟ್ ಎಂಜಿಎಂನ ಏಳನೆಯ ನಂಬರಿನ ದಾಸ್ತಾನು ಕೋಣೆಯಲ್ಲಿ ಉಳಿಯಿತು. 1965ರಲ್ಲಿ ಆ ಕೋಣೆಗೆ ಬೆಂಕಿ ಬಿದ್ದು ಸ್ಫೋಟವಾಯಿತು. ಅದರೊಂದಿಗೆ ಪಿಶಾಚಿಯೂ ಹೋಯಿತು.

ಫಿಲ್ಮು ಇಷ್ಟು ಸುಲಭವಾಗಿ ಏಕೆ ಸುಡುತ್ತದೆ ಎಂಬುದನ್ನು ಕೊಂಚ ವಿವರಿಸಬೇಕು. 1950ರ ಆಸುಪಾಸಿನವರೆಗೆ ಸಿನಿಮಾಗಳನ್ನು ಮುದ್ರಿಸುತ್ತಿದ್ದುದು ಸೆಲ್ಯುಲೋಸ್ ನೈಟ್ರೇಟ್ ಮೇಲೆ. ಹತ್ತಿಯನ್ನು ಆಮ್ಲದಲ್ಲಿ ನೆನೆಸಿ ಮಾಡುವ ಈ ವಸ್ತು ಸಿಡಿಮದ್ದಿನ ದಾಯಾದಿ. ಒಮ್ಮೆ ಹೊತ್ತಿಕೊಂಡರೆ ಉರಿಯಲು ಬೇಕಾದ ಆಮ್ಲಜನಕವನ್ನು ತಾನೇ ಹುಟ್ಟಿಸಿಕೊಳ್ಳುತ್ತದೆ. ನೀರಿನಲ್ಲಿ ಮುಳುಗಿಸಿದರೂ ಉರಿಯುತ್ತದೆ. ಬೆಂಕಿ ಬೀಳದಿದ್ದರೂ ಸೆಕೆ, ತೇವಕ್ಕೆ ಡಬ್ಬಿಯೊಳಗೇ ಕೊಳೆಯುತ್ತದೆ: ಮೊದಲು ಚಿತ್ರ ಮಸುಕಾಗುತ್ತದೆ, ಆಮೇಲೆ ಸುರುಳಿ ಅಂಟಂಟಾಗಿ ಗಟ್ಟಿಯಾಗುತ್ತದೆ, ಕೊನೆಗೆ ಕಂದು ಪುಡಿ. ಇದರ ಮೇಲೆ ಮನುಷ್ಯನ ಆಸೆಬುರುಕತನ. ಕಪ್ಪು–ಬಿಳುಪು ಫಿಲ್ಮಿನಲ್ಲಿ ಬೆಳ್ಳಿ ಇರುತ್ತದೆ. ಮಾತಿನ ಚಿತ್ರ ಬಂದ ಮೇಲೆ ಮೂಕಿ ಚಿತ್ರಕ್ಕೆ ಬೆಲೆ ಉಳಿದದ್ದು ಆ ಬೆಳ್ಳಿಯಿಂದ ಮಾತ್ರ. ಹಾಲಿವುಡ್‌ನ ಯೂನಿವರ್ಸಲ್ ಕಂಪನಿ 1948ರಲ್ಲಿ ತನ್ನ ಮೂಕಿ ಚಿತ್ರಗಳ ದಾಸ್ತಾನನ್ನೇ ನಾಶಮಾಡಿತು. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ 2013ರಲ್ಲಿ ಲೆಕ್ಕ ಹಾಕಿದಾಗ ಅಲ್ಲಿನ ಸುಮಾರು 11,000 ಮೂಕಿ ಕಥಾಚಿತ್ರಗಳಲ್ಲಿ ಮೂಲ ರೂಪದಲ್ಲಿ ಪೂರ್ತಿಯಾಗಿ ಉಳಿದಿದ್ದವು ಶೇ 14 ಮಾತ್ರ.

ನಮ್ಮದು ಇನ್ನೂ ಕಡೆ. ಭಾರತದಲ್ಲಿ ತಯಾರಾದ ಮೂಕಿ ಚಿತ್ರಗಳು 1,300ರಷ್ಟು. ಇವತ್ತು ಪೂರ್ತಿಯಾಗಿಯೋ ತುಣುಕಾಗಿಯೋ ಸಿಗುವವನ್ನು ಎಣಿಸಿದರೆ ಮೂವತ್ತರ ಆಚೀಚೆ. ಫಾಲ್ಕೆಯವರ ಹರಿಶ್ಚಂದ್ರನೂ ಪೂರ್ತಿ ಇಲ್ಲ. ದೇಶದ ಮೊದಲ ಮಾತಿನ ಚಿತ್ರ ‘ಆಲಂ ಆರಾ’ (1931) ಇಲ್ಲವೇ ಇಲ್ಲ. ಗುಬ್ಬಿ ವೀರಣ್ಣನವರು ಬೆಂಗಳೂರಿನಲ್ಲಿ ತೆಗೆಸಿದ ಮೂಕಿ ಚಿತ್ರ ‘ಹರಿಮಾಯಾ’ ಇಲ್ಲ.

ಕನ್ನಡದ ಮೊದಲ ಮಾತಿನ ಚಿತ್ರದ ಗತಿಯೂ ಅದೇ. ‘ಸತಿ ಸುಲೋಚನಾ’ 1934ರ ಮಾರ್ಚ್ 3ರಂದು ಬೆಂಗಳೂರಿನಲ್ಲಿ ತೆರೆಕಂಡಿತು. ವೈ.ವಿ. ರಾವ್ ನಿರ್ದೇಶನ, ಬೆಳ್ಳಾವೆ ನರಹರಿ ಶಾಸ್ತ್ರಿಗಳ ಸಾಹಿತ್ಯ, ಇಂದ್ರಜಿತುವಾಗಿ ಸುಬ್ಬಯ್ಯ ನಾಯ್ಡು, ರಾವಣನಾಗಿ ಆರ್. ನಾಗೇಂದ್ರರಾಯರು, ಸುಲೋಚನೆಯಾಗಿ ತ್ರಿಪುರಾಂಬ. ಅದನ್ನು ತೆಗೆದದ್ದು ಎಲ್ಲಿ? ಅದೇ ಕೊಲ್ಲಾಪುರದಲ್ಲಿ, ಛತ್ರಪತಿ ಸ್ಟುಡಿಯೋದಲ್ಲಿ. ಸುಲೋಚನೆಯ ಪುರಾಣಕಥೆಯೂ ಕಡಿಮೆ ಭೀಕರವಲ್ಲ: ಯುದ್ಧದಲ್ಲಿ ಕಡಿದುಬಿದ್ದ ಇಂದ್ರಜಿತುವಿನ ತೋಳು ಹೆಂಡತಿಯ ಮುಂದೆ ಬಂದು ಬೀಳುತ್ತದೆ, ಬೆರಳಾಡಿಸಿ ನಡೆದದ್ದನ್ನು ಬರೆಯುತ್ತದೆ, ಅವಳ ಪಾತಿವ್ರತ್ಯದ ಬಲಕ್ಕೆ ಕಡಿದ ರುಂಡ ನಗುತ್ತದೆ. ಪ್ರತಿವರ್ಷ ಮಾರ್ಚ್ 3ನ್ನು ಕನ್ನಡ ಸಿನಿಮಾ ದಿನವೆಂದು ನೆನೆಯುತ್ತೇವೆ. ನೋಡಲು ಚಿತ್ರವೇ ಇಲ್ಲ.

ಪ್ರಭಾತ್ ಸ್ಟುಡಿಯೋದ ಜಾಗಕ್ಕೆ ಬರುತ್ತೇನೆ. ಪ್ರಭಾತ್ ಮುಚ್ಚಿದ ಮೇಲೆ ಆ ಆವರಣದಲ್ಲಿ ಫಿಲ್ಮ್ ಇನ್‌ಸ್ಟಿಟ್ಯೂಟ್ ಹುಟ್ಟಿತು. 1964ರಲ್ಲಿ ಪುಣೆಯಲ್ಲೇ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಆರಂಭವಾಯಿತು. ಪಿ.ಕೆ. ನಾಯರ್ ಅದಕ್ಕೆ ತಮ್ಮ ಆಯುಷ್ಯವನ್ನೇ ಕೊಟ್ಟರು. ಗುಜರಿಯಲ್ಲಿ, ಗೋದಾಮಿನಲ್ಲಿ, ತೀರಿಹೋದವರ ಮನೆಗಳಲ್ಲಿ ಹುಡುಕಿ ಅವರು ತಂದ ಡಬ್ಬಿಗಳಿಂದಲೇ ನಮಗೆ ಫಾಲ್ಕೆ ಉಳಿದದ್ದು. 2003ರ ಜನವರಿಯಲ್ಲಿ ಅದೇ ಹಳೆಯ ಪ್ರಭಾತ್ ಆವರಣದ ನೈಟ್ರೇಟ್ ಕೋಣೆಗೆ ಬೆಂಕಿ ಬಿತ್ತು. ನೂರಾರು ಚಿತ್ರಗಳ ಸುರುಳಿಗಳು ಬೂದಿಯಾದವು. ಎಂಜಿಎಂ ದುರಂತದ ಕಥೆ ನಾಲ್ಕು ದಶಕಗಳಿಂದ ಜಗತ್ತಿಗೆಲ್ಲ ಗೊತ್ತಿತ್ತು. ಗೊತ್ತಿದ್ದೂ ಹೀಗಾಗಲು ಬಿಟ್ಟದ್ದನ್ನು ನಾನು ಆಕಸ್ಮಿಕ ಎನ್ನಲಾರೆ.

ಉಳಿದ ಚಿತ್ರಗಳು ಉಳಿದದ್ದು ಹೇಗೆ ಎಂದು ನೋಡಿದರೆ ಬೆರಗಾಗುತ್ತದೆ. ಜರ್ಮನಿಯ ಮುರ್ನೋ 1922ರಲ್ಲಿ ತೆಗೆದ ‘ನೊಸ್ಫೆರಾಟು’ ಡ್ರಾಕುಲಾ ಕಾದಂಬರಿಯ ಕಳ್ಳ ರೂಪ. ಕಾದಂಬರಿಕಾರ ಬ್ರಾಮ್ ಸ್ಟೋಕರನ ಹೆಂಡತಿ ಕೋರ್ಟಿಗೆ ಹೋದಳು. ಎಲ್ಲ ಪ್ರಿಂಟ್‌ಗಳನ್ನೂ ನಾಶಮಾಡಿ ಎಂದು ಕೋರ್ಟು ಆದೇಶಿಸಿತು. ಆದರೆ ಅಷ್ಟರಲ್ಲಿ ಬೇರೆ ಬೇರೆ ದೇಶಗಳಿಗೆ ಹೋಗಿದ್ದ ಪ್ರಿಂಟ್‌ಗಳು ಉಳಿದುಕೊಂಡವು. ಮಲಯಾಳದ ‘ಮಾರ್ತಾಂಡ ವರ್ಮ’ (1933) ಚಿತ್ರದ ಪ್ರಿಂಟನ್ನು ಕಾದಂಬರಿಯ ಹಕ್ಕಿನ ಜಗಳದಲ್ಲಿ ವಶಪಡಿಸಿಕೊಳ್ಳಲಾಯಿತು. ಅದು ಪುಸ್ತಕ ಪ್ರಕಾಶಕರ ಬಳಿಯೇ ದಶಕಗಳ ಕಾಲ ಬಿದ್ದಿದ್ದು, 1974ರಲ್ಲಿ ಸಂಗ್ರಹಾಲಯದ ಕೈ ಸೇರಿತು. ಕಂಪನಿ ಬೀಗ ಹಾಕಿ ಇಟ್ಟದ್ದು ಸುಟ್ಟುಹೋಯಿತು. ಕೋರ್ಟು ಬೇಡವೆಂದದ್ದು ಉಳಿಯಿತು.

‘ಲಂಡನ್ ಆಫ್ಟರ್ ಮಿಡ್‌ನೈಟ್’ ಪೂರ್ತಿ ಸಾಯದೆ ಇರುವುದು ಕಾಗದದಿಂದ. ಚಿತ್ರೀಕರಣದ ಹೊತ್ತಿನ ಸ್ಥಿರಚಿತ್ರಗಳು, ದೃಶ್ಯದ ಪಟ್ಟಿ, ಮಧ್ಯೆ ಮಧ್ಯೆ ಬರುವ ಬರಹದ ಫಲಕಗಳ ಮಾತು, 1928ರಲ್ಲಿ ಅಚ್ಚಾದ ಅದರ ಕಾದಂಬರಿ ರೂಪ, ಭಿತ್ತಿಪತ್ರ. ರಿಕ್ ಶ್ಮಿಡ್ಲಿನ್ ಎಂಬವರು 2002ರಲ್ಲಿ ಈ ಸ್ಥಿರಚಿತ್ರಗಳನ್ನೇ ಜೋಡಿಸಿ ಮುಕ್ಕಾಲು ಗಂಟೆಯ ರೂಪವೊಂದನ್ನು ಕಟ್ಟಿದರು. 2014ರಲ್ಲಿ ಈ ಚಿತ್ರದ ಒಂದು ಭಿತ್ತಿಪತ್ರ 4,78,000 ಡಾಲರ್‌ಗೆ ಹರಾಜಾಯಿತು. ಚಿತ್ರ ತೆಗೆಯಲು ಆದ ಖರ್ಚಿನ ಮೂರು ಪಟ್ಟು. ಬೆಂಕಿಗೆ ಮೊದಲು ಚಿತ್ರ ನೋಡಿದ್ದ ಇತಿಹಾಸಕಾರರು ಅದು ಅಂಥ ಮಹಾನ್ ಚಿತ್ರವೇನಲ್ಲ, 1935ರದೇ ಮೇಲು ಎಂದದ್ದಿದೆ. ಇರಬಹುದು. ಆ ತೀರ್ಮಾನಕ್ಕೆ ಬರುವ ಹಕ್ಕು ನಮಗೂ ಇರಬೇಕಿತ್ತು.

ಒಳ್ಳೆಯ ಚಿತ್ರ ಹಳ್ಳಿಯವರಿಗೆ ಯಾಕೆ ಎಂದು ಕೇಳುವವರಿದ್ದಾರೆ. ಹಿರೇಕೆರೂರಿನಿಂದ ಶಿರಾಳಕೊಪ್ಪದ ಮೇಲೆ ಸಾಗರದ ದಾರಿ ಹಿಡಿದರೆ ಹೆಗ್ಗೋಡು. 1970ರ ದಶಕದಲ್ಲಿ ಕೆ.ವಿ. ಸುಬ್ಬಣ್ಣನವರು ಅಲ್ಲಿನ ನೀನಾಸಂ ಸಂಸ್ಥೆಯಲ್ಲಿ ಪುಣೆಯ ಸಂಗ್ರಹಾಲಯದಿಂದ ಚಿತ್ರಗಳನ್ನು ತರಿಸಿ ಅಡಿಕೆ ತೋಟದ ಜನರಿಗೆ ‘ರಾಶೋಮನ್’, ‘ಪಥೇರ್ ಪಾಂಚಾಲಿ’ ತೋರಿಸಿದರು. ದಶಕಗಳು ಕಳೆದ ಮೇಲೂ ಆ ಊರಿನವರು ಆ ಚಿತ್ರಗಳ ಬಗ್ಗೆ ಮಾತಾಡುವುದನ್ನು ನಾಯರ್ ಕುರಿತ ‘ಸೆಲ್ಯುಲಾಯ್ಡ್ ಮ್ಯಾನ್’ ಸಾಕ್ಷ್ಯಚಿತ್ರದಲ್ಲಿ ಯಾರು ಬೇಕಾದರೂ ನೋಡಬಹುದು. ಹಾನಗಲ್ ತಾಲ್ಲೂಕಿನ ಶೇಷಗಿರಿಯಂಥ ಹಳ್ಳಿ ತನ್ನದೇ ನಾಟಕ ತಂಡ, ರಂಗಮಂದಿರ ಕಟ್ಟಿಕೊಂಡು ನಡೆಸುತ್ತಿದೆ. ಇಂಥ ಜನಕ್ಕೆ ಹಳೆಯ ಚಿತ್ರ ಬೇಡವಾದೀತೆಂದು ನಾನು ನಂಬಲಾರೆ.

ಆದ್ದರಿಂದ ಈ ನಾಲ್ಕು ತಾಲ್ಲೂಕುಗಳ ಓದುಗರಲ್ಲಿ ಒಂದು ಬೇಡಿಕೆ. ನಿಮ್ಮ ಅಟ್ಟದ ಮೇಲೆ, ಅಜ್ಜನ ಟ್ರಂಕಿನಲ್ಲಿ, ಮುಚ್ಚಿದ ಟಾಕೀಸಿನ ಪ್ರೊಜೆಕ್ಟರ್ ಕೋಣೆಯಲ್ಲಿ ಹಳೆಯ ಸಿನಿಮಾದ, ಕಂಪನಿ ನಾಟಕದ ಹ್ಯಾಂಡ್‌ಬಿಲ್, ಪದಗಳ ಪುಸ್ತಕ, ಫೋಟೋ, ಟಿಕೆಟು ಸಿಕ್ಕರೆ ಗುಜರಿಗೆ ಹಾಕಬೇಡಿ. ಬಯಲಾಟದ ಕೈಬರಹದ ಪ್ರತಿಯೂ ಅಷ್ಟೇ ಮುಖ್ಯ. ಫಿಲ್ಮಿನ ಡಬ್ಬಿ ಸಿಕ್ಕರೆ ದೀಪ, ಬೀಡಿಯ ಹತ್ತಿರ ತೆರೆಯಬೇಡಿ. ಫಿಲ್ಮಿನ ಅಂಚಿನಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ‘ನೈಟ್ರೇಟ್’ ಎಂದಿದೆಯೋ ‘ಸೇಫ್ಟಿ’ ಎಂದಿದೆಯೋ ನೋಡಿ. ನೈಟ್ರೇಟ್ ಆಗಿದ್ದರೆ ತಂಪಾದ, ಗಾಳಿಯಾಡುವ ಜಾಗದಲ್ಲಿ ಮನೆಯಿಂದ ದೂರ ಇಟ್ಟು ಪುಣೆಯ ಸಂಗ್ರಹಾಲಯಕ್ಕೆ ತಿಳಿಸಿ. ಕಾಗದಪತ್ರಗಳಿಗಾದರೆ ಪುಣೆಯವರೆಗೂ ಹೋಗಬೇಕಿಲ್ಲ. ಕರ್ನಾಟಕ ಜಾನಪದ ವಿಶ್ವವಿದ್ಯಾಲಯ ಶಿಗ್ಗಾಂವಿ ತಾಲ್ಲೂಕಿನ ಗೊಟಗೋಡಿಯಲ್ಲೇ ಇದೆ. ಹಳೆಯ ಧಾರವಾಡ ಜಿಲ್ಲೆಯ ನಾಟಕ, ಸಿನಿಮಾಗಳ ಕಾಗದಗಳಿಗೆ ಅಲ್ಲೊಂದು ಕೋಣೆ ತೆರೆದು, ಊರೂರಿಗೆ ವಿದ್ಯಾರ್ಥಿಗಳನ್ನು ಕಳಿಸಿ ಸಂಗ್ರಹ ಮಾಡಿಸಬೇಕೆಂದು ವಿಶ್ವವಿದ್ಯಾಲಯವನ್ನು ಕೇಳಿಕೊಳ್ಳುತ್ತೇನೆ. ಆ ಕೆಲಸ ಹಾನಗಲ್ಲಿನಿಂದ ಶುರುವಾಗಲಿ.